ನಮ್ಮ ಕೂಟದ ಅಂತರ್ಯುದ್ಧ ಮತ್ತು ಭಾನುವಾರದ ಪಾರ್ಲಿಮೆಂಟು

ದೇಶ ಎರಡು ಭಾಗವಾಗಿ ಹೊಡೆದಾಡುತ್ತಿರುವಾಗ ಅದರ ಶಾಸನಸಭೆ ದಿನಾ ಏನು ಮಾಡುತ್ತಿರುತ್ತದೆ ಎಂಬುದನ್ನು ಚರಿತ್ರೆಯ ಪುಸ್ತಕಗಳು ಸರಿಯಾಗಿ ಹೇಳುವುದಿಲ್ಲ. ಹೊರಗೆ ಗುಂಡು ಹಾರುತ್ತಿದ್ದರೆ ಒಳಗೆ ಮಹಾಪುರುಷರು ಮೇಜು ಕುಟ್ಟಿ ದೇಶದ ಭವಿಷ್ಯ ಬರೆಯುತ್ತಿದ್ದರು ಎಂದು ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಅವರು ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ಚರ್ಚಿಸುತ್ತಿದ್ದರು. ಅಂಥ ಒಂದು ಸಭೆಯ ಕಾರ್ಯದರ್ಶಿಯಾಗಿದ್ದ ಅನುಭವದಿಂದ ಹೇಳುತ್ತಿದ್ದೇನೆ.

ಸಿಡ್ನಿಯ ನಮ್ಮ ಪುಟ್ಟ ಕನ್ನಡ ಕೂಟ ಒಡೆದದ್ದು ಒಂದು ತಾತ್ವಿಕ ಪ್ರಶ್ನೆಯ ಮೇಲೆ: ರಾಜ್ಯೋತ್ಸವದಲ್ಲಿ ಭಾಷಣ ಮೊದಲೋ, ಊಟ ಮೊದಲೋ? ಊಟ ಮೊದಲು ಹಾಕಿದರೆ ಜನ ಕೈ ತೊಳೆದು ನೇರ ಕಾರು ಹತ್ತುತ್ತಾರೆ ಎಂದು ಅಧ್ಯಕ್ಷ ರಾಮಮೂರ್ತಿಗಳು. "ಹಸಗೊಂಡ ಮಂದಿಗೆ ಭಾಷಣಾ ಹೇಳಿದ್ರ ಪಾಪ ಬರ್ತದ್ರೀ" ಎಂದು ಉಪಾಧ್ಯಕ್ಷರಾದ ಹುಬ್ಬಳ್ಳಿಯ ಪಾಟೀಲರು. ಒಂಬತ್ತು ಜನರ ಕಮಿಟಿಯಲ್ಲಿ ನಾಲ್ವರು ಅತ್ತ ಎದ್ದರು, ನಾಲ್ವರು ಇತ್ತ ಕೂತರು. ಅಡುಗೆಯ ದೊಡ್ಡ ಪಾತ್ರೆಗಳು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ ಪಾಟೀಲರ ಗ್ಯಾರೇಜಿನಲ್ಲಿದ್ದವು, ಮೈಕ್ ಸೆಟ್ ಬ್ಲ್ಯಾಕ್‌ಟೌನ್‌ನಲ್ಲಿ ನನ್ನ ಗ್ಯಾರೇಜಿನಲ್ಲಿತ್ತು. ಹೀಗಾಗಿ ಅವರು ಊಟ ಹಾಕಬಹುದಿತ್ತು, ಕರೆಯುವಂತಿರಲಿಲ್ಲ. ನಾವು ಕರೆಯಬಹುದಿತ್ತು, ಹಾಕುವಂತಿರಲಿಲ್ಲ.

ನಾನು ಇತ್ತ ಕೂತದ್ದು ಯಾವ ತತ್ವಕ್ಕೂ ಅಲ್ಲ. ರಾಮಮೂರ್ತಿಗಳು ನನ್ನ ಪಕ್ಕದಲ್ಲಿ ಕೂತಿದ್ದರು, ಏಳುವುದಕ್ಕೆ ಸಂಕೋಚವಾಯಿತು, ಅಷ್ಟೆ. ಆದರೆ ನಷ್ಟವಾದದ್ದು ನನಗೇ. ನಾನು ಈ ದೇಶಕ್ಕೆ ಬಂದ ದಿನ ಏರ್‌ಪೋರ್ಟಿಗೆ ಬಂದು, ನನ್ನ ಹೆಸರನ್ನು ಕನ್ನಡದಲ್ಲಿ ಬರೆದ ರಟ್ಟು ಹಿಡಿದು ನಿಂತಿದ್ದವರು ಪಾಟೀಲರು. ರೆಂಟಿಗೆ ಮನೆ ಸಿಗುವವರೆಗೆ ಅವರ ಮನೆಯಲ್ಲೇ ಉಂಡು ಮಲಗಿದವನು ನಾನು. ಅಂಥವರನ್ನು ಈಗ ಇಂಡಿಯನ್ ಅಂಗಡಿಯಲ್ಲಿ ಕಂಡರೆ ತೊಗರಿಬೇಳೆಯ ಮೂಟೆಗಳ ಹಿಂದೆ ಸರಿಯಬೇಕಾಗಿತ್ತು. ಒಮ್ಮೆ ಹಾಗೆ ಸರಿದಾಗ ಅಲ್ಲಿ ಪಾಟೀಲರೇ ನಿಂತಿದ್ದರು. ಇಬ್ಬರೂ ಬೇಳೆಯ ಬೆಲೆ ನೋಡಿಕೊಂಡು ಹೊರಬಂದೆವು.

ಯುದ್ಧಕಾಲದಲ್ಲಿ ನಮ್ಮ ಸಭೆ ಪ್ರತಿ ಭಾನುವಾರ ನನ್ನ ಮನೆಯಲ್ಲಿ ಸೇರುತ್ತಿತ್ತು. ಮೊದಲ ಸಭೆಯಲ್ಲೇ ಎದ್ದುಹೋದವರ ಹೆಸರನ್ನು ಹಾಜರಿ ಪಟ್ಟಿಯಿಂದ ಹೊಡೆದುಹಾಕಿದೆವು. ಪಾತ್ರೆಗಳನ್ನು ವಶಪಡಿಸಿಕೊಳ್ಳತಕ್ಕದ್ದು ಎಂದು ನಿರ್ಣಯಿಸಿದೆವು. ಅಷ್ಟು ದೊಡ್ಡ ಪಾತ್ರೆ ಹಿಡಿಸುವ ಕಾರು ಯಾರ ಬಳಿಯೂ ಇಲ್ಲದ್ದರಿಂದ ಮುಂದೂಡಿದೆವು. ಎದುರು ಪಕ್ಷದವರ ಮನೆಯ ನಾಮಕರಣಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಇಡೀ ಮಧ್ಯಾಹ್ನ ಹಿಡಿಯಿತು. ಹೋಗಬಹುದು, ಉಣ್ಣಬಾರದು ಎಂದಾಯಿತು. ಪಾಯಸಕ್ಕೆ ವಿನಾಯಿತಿ ಬೇಕೆಂದು ಸ್ವತಃ ರಾಮಮೂರ್ತಿಗಳೇ ತಿದ್ದುಪಡಿ ತಂದರು. "ನಿಮ್ಮ ಪಾರ್ಲಿಮೆಂಟಿಗೆ ಸಕ್ಕರೆ ಹಾಕ್ಲೋ ಬೇಡ್ವೋ ಅಂತ ನಿರ್ಣಯ ಮಾಡ್ಕೊಂಡು ಹೇಳಿ, ಟೀ ಆರ್ತಾ ಇದೆ" ಎಂದು ನನ್ನ ಹೆಂಡತಿ ಸುಮಾ ಒಳಗಿನಿಂದ ಕೂಗುತ್ತಿದ್ದಳು.

ಸಭೆ ನಡೆಯಬೇಕಾದರೆ ಕೋರಂಗೆ ಐದು ಜನ ಬೇಕು. ನಾವಿದ್ದದ್ದು ನಾಲ್ವರು. ಐದನೆಯವನು ನಾಗರಾಜ. ಈ ದೇಶದಲ್ಲೇ ನೆಲೆಸುವ ಪರವಾನಗಿಯಾದ ಪಿಆರ್ ಸಿಕ್ಕ ಮೇಲೆ ಕೆಲಸ ಹಿಡಿದು ಮೆಲ್ಬರ್ನ್‌ನ ಕ್ರೇಗಿಬರ್ನ್‌ಗೆ ಹೋಗಿದ್ದ ಅವನ ರಾಜೀನಾಮೆಯನ್ನು ನಾವು ಸ್ವೀಕರಿಸಿರಲಿಲ್ಲ. ಫೋನಿನ ಸ್ಪೀಕರ್ ಹಾಕಿದರೆ ಆ ಕಡೆಯಿಂದ ಮಗುವಿನ ಅಳು, ಮಿಕ್ಸಿಯ ಸದ್ದು, ನಡುವೆ "ಆಯ್ತು ಸಾರ್" ಕೇಳುತ್ತಿತ್ತು. ಪ್ರಜಾಪ್ರಭುತ್ವಕ್ಕೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದೆ. ಭಾನುವಾರವೇ ತಲುಪಿದ್ದರಿಂದ ಆ ವಾರದ ನಮ್ಮ ಸಭೆ ರದ್ದಾಗಿತ್ತು. ನಾಗರಾಜ ಊಟಕ್ಕೆ ಕರೆದ. ತಟ್ಟೆಯ ಮುಂದೆ ಕೂತಿದ್ದೇನೆ, ಅವನ ಮನೆಯ ಫೋನ್ ರಿಂಗಾಯಿತು. ಮಗುವನ್ನು ಎತ್ತಿಕೊಂಡಿದ್ದ ಅವನು ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದ. "ನಾಗರಾಜ್, ಮೀಟಿಂಗ್ ಸುರು ಮಾಡೋಣೇನ್ರಿ?" ಪಾಟೀಲರ ದನಿ!

ನಾಗರಾಜನ ಮುಖ ಬಿಳಿಚಿಕೊಂಡಿತು. "ಇಬ್ರೂ ಫೋನ್ ಮಾಡ್ತೀರ ಸಾರ್. ದೊಡ್ಡೋರು. ಯಾರಿಗೆ ಆಗಲ್ಲ ಅನ್ಲಿ?" ಎಂದು ಪಿಸುಗುಟ್ಟಿದ. ಎರಡು ಶತ್ರು ಶಾಸನಸಭೆಗಳನ್ನೂ ಇಷ್ಟು ದಿನ ಬದುಕಿಸಿಟ್ಟಿದ್ದದ್ದು ಈ ಒಬ್ಬ ಮನುಷ್ಯನ ದಾಕ್ಷಿಣ್ಯ!

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಲ್ಲಿ ಪಾಟೀಲರು ಹಾಜರಿ ಕೂಗತೊಡಗಿದರು. ಅವರ ಕಡೆಯ ಒಬ್ಬರಿಗೆ ಜ್ವರ, ಕೋರಂಗೆ ಒಬ್ಬರು ಕಮ್ಮಿ. ಆದರೂ ಕೂಗುತ್ತಲೇ ಹೋದರು. "ರಾಮಮೂರ್ತಿಯವರು... ಬಂದಿಲ್ಲ. ಶ್ರೀಧರ..."

ಶ್ರೀಧರ ಅಂದರೆ ನಾನು. ನಾವು ಹೊಡೆದುಹಾಕಿದ್ದೆವಲ್ಲ, ಅವರು ನಮ್ಮನ್ನು ಹೊಡೆದುಹಾಕಿರಲಿಲ್ಲ. ಪ್ರತಿ ವಾರ ನಮ್ಮ ಹೆಸರೂ ಕೂಗುತ್ತಿದ್ದರು. "ಬಂದಿದೀನಿ ಪಾಟೀಲ್ರೇ" ಎಂದುಬಿಟ್ಟೆ.

ಆ ಕಡೆಯಿಂದ ಪಾಟೀಲರು, "ಎಲ್ಲಿ ಅದೀರಿ ಮಾರಾಯ್ರ? ಊಟ ಆತೇನು?"

"ಮಾಡ್ತಾ ಇದೀನಿ."

"ಹಂಗಾರ ಮೊದಲ ಉಣ್ರಿ, ಆಮ್ಯಾಲ ಮಾತಾಡೋಣ" ಎಂದರು. ಪಕ್ಷನಿಷ್ಠೆ ಅಂದರೆ ಅದು! ನಾನು ಉಂಡು ಮುಗಿಸುವವರೆಗೆ ಸಿಡ್ನಿಯ ಮೂವರು ಕಾದರು. ಆಮೇಲೆ ಪಾಟೀಲರು ಕೆಮ್ಮಿ, "ಕೋರಂ ಏನೋ ಆತು. ಆದ್ರ ಮೊದಲನೇ ವಿಷಯ, ಮೈಕ್ ಬಚ್ಚಿಟ್ಟ ಕಾರ್ಯದರ್ಶಿನ್ನ ಖಂಡಿಸೋದು. ಅಂದ್ರ ನಿಮ್ಮನ್ನ. ಏನ ಮಾಡೋಣ್ರಿ?" ಎಂದರು.

ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಆಗುವುದಿಲ್ಲ ಎನ್ನುವುದು ಹೇಗೆ? "ಖಂಡಿಸಿ" ಎಂದೆ. ಅನುಮೋದಕರು ಬೇಕಾಗಿತ್ತು, ಅದಕ್ಕೂ ಹೂಂ ಎಂದೆ. ಸಭೆ ಮುಗಿದ ಮೇಲೆ ಪಾಟೀಲರು ಮುಂದಿನ ವಾರ ಮನೆಗೆ ಬರಲು ಹೇಳಿದರು, ನಾನು ಒಪ್ಪಿದೆ.

ಸಿಡ್ನಿಗೆ ಮರಳಿ ನಡೆದದ್ದನ್ನೆಲ್ಲ ರಾಮಮೂರ್ತಿಗಳಿಗೆ ತಿಳಿಸಿದೆ. ಅವರು ಕೆಂಡವಾದರು. ಕೂಡಲೇ ಸಭೆ ಕರೆದು, ಶತ್ರುಗಳ ಜೊತೆ ಉಂಡ ಕಾರ್ಯದರ್ಶಿಯನ್ನು ಖಂಡಿಸಿದರು. ಅಲ್ಲೂ ಅನುಮೋದಿಸಲು ಯಾರೂ ಮುಂದೆ ಬರಲಿಲ್ಲ. ಅವರ ಮುಖ ನೋಡಲಾರದೆ ನಾನೇ ಕೈ ಎತ್ತಿದೆ. ಒಡೆದ ಮೇಲೆ ಎರಡೂ ಕಮಿಟಿಗಳು ಒಮ್ಮತಕ್ಕೆ ಬಂದ ಮೊದಲ ವಿಷಯವೇ ನಾನು. ಅದೇ ಬುನಾದಿಯ ಮೇಲೆ ಸಂಧಾನವೂ ಆಗಿ, ರಾಜ್ಯೋತ್ಸವವೂ ನಡೆಯಿತು. ಈಗಲೂ ಕೂಟದಲ್ಲಿ ಎಲ್ಲಿ ಸಣ್ಣ ಬಿರುಕು ಕಂಡರೂ ಹಿರಿಯರು ಅವಸರವಸರವಾಗಿ ನನಗೆ ಫೋನ್ ಮಾಡುತ್ತಾರೆ: "ಶ್ರೀಧರ, ಈ ಭಾನುವಾರ ಸ್ವಲ್ಪ ನಿಮ್ಮನ್ನ ಖಂಡಿಸಬಹುದಾ?"