ಹಳಿಯಿಲ್ಲದ ಊರಿನ ಸಿಗ್ನಲ್ ಕ್ಯಾಬಿನ್

ಎಲ್ಲ ಕೆಟ್ಟದ್ದು ಮುರುಗೇಶ ಬೆಳಗಿನ ಚಹಾ ಕುಡಿಯುತ್ತ ಆಡಿದ ಒಂದು ಮಾತಿನಿಂದ.

ಎಣ್ಣೆಯ ಬೆಲೆ ನೆಲಕಚ್ಚಿ ಎರಡನೆಯ ವರ್ಷ. ಅರಬ್ ನಾಡಿನ ಘಾಲಾ ಎಂಬಲ್ಲಿದ್ದ ಆ ಕಂಪನಿಯಲ್ಲಿ ಯಾರ್ಯಾರನ್ನು ಊರಿಗೆ ಕಳಿಸುವುದೆಂದು ಅಂದು ಪಟ್ಟಿ ತಯಾರಾಗುವುದಿತ್ತು. ಗೋಡೌನು ಎಂದೋ ಬರಿದಾಗಿ, ಅದನ್ನು ನೋಡಿಕೊಳ್ಳುವ ಮುರುಗೇಶ ಈಗ ಕಾಯುತ್ತಿದ್ದದ್ದು ಬರೀ ಬೀಗವನ್ನು. ಅಲ್ಲೇ ಶಾಲೆಗೆ ಹೋಗುವ ಮಗಳು ಮಾಧುರಿಯ ಹತ್ತನೆಯ ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳು. ಅಲ್ಲಿಯವರೆಗಾದರೂ ವೀಸಾ ಉಳಿಸಪ್ಪಾ ಎಂದು ಅವನು ದಿನಾ ಸಿದ್ಧಾರೂಢ ಅಜ್ಜನ ಫೋಟೋಕ್ಕೆ ಕೈಮುಗಿಯುತ್ತಿದ್ದ.

"ನಿಮ್ಮ ಹೆಸರು ಪಟ್ಟಿಯ ಮೇಲೆಯೇ ಉಂಟು ಮಾರಾಯ್ರೆ," ಎಂದ ಆಫೀಸಿನ ಫ್ರೆಡ್ಡಿ. ಉಡುಪಿ ಕಡೆಯವನು, ಕೆಟ್ಟ ಸುದ್ದಿಯನ್ನು ಮದುವೆ ಕರೆಯೋಲೆಯ ಹಾಗೆ ಮನೆಮನೆಗೆ ಮುಟ್ಟಿಸುವವನು. "ಅರ್ಬಾಬರಿಗೆ ಈಗ ಬೇಕಾದ್ದು ಸಿಗ್ನಲ್ ಗೊತ್ತಿರುವ ಜನ."

"ಸಿಗ್ನಲ್ಲಾ? ನಮ್ಮಪ್ಪ ಅಣ್ಣಿಗೇರಿ ಕ್ಯಾಬಿನ್ನಿನ್ಯಾಗ ಮೂವತ್ತು ವರ್ಷ ದುಡದಾರ್ರೀ. ನಾ ಆಡಿ ಬೆಳದಿದ್ದ ಅಲ್ಲೆ."

ಅವನು ಲೋಟ ಕೆಳಗಿಡುವುದರೊಳಗೆ ಫ್ರೆಡ್ಡಿ ಮಾಲೀಕರ ಕೋಣೆಯಲ್ಲಿದ್ದ.

ಎಲ್ಲರೂ ಅರ್ಬಾಬ್ ಎಂದು ಕರೆಯುವ ಮಾಲೀಕ ಹಮೂದರಿಗೆ, ಎಣ್ಣೆ ಏರಿದ್ದ ಕಾಲದಲ್ಲಿ ಒಂದು ಹುಚ್ಚು ಹತ್ತಿತ್ತು. ತಮ್ಮ ಹಳ್ಳಿಗೆ ರೈಲು ಬರುತ್ತದೆಂದು ನಂಬಿ, ಇಂಗ್ಲೆಂಡಿನ ಹಳ್ಳಿಯೊಂದರಿಂದ ವಿಕ್ಟೋರಿಯಾ ರಾಣಿಯ ಕಾಲದ ಸಿಗ್ನಲ್ ಕ್ಯಾಬಿನ್ನು ಕೊಂಡು, ಹಲಗೆ ಹಲಗೆ ಬಿಚ್ಚಿಸಿ ತಂದು, ನಿಜ್ವಾ ಪಟ್ಟಣದಾಚೆಯ ಖರ್ಜೂರದ ತೋಟದಲ್ಲಿ ನಿಲ್ಲಿಸಿದ್ದರು. ಎಣ್ಣೆ ಇಳಿಯಿತು. ರೈಲಿನ ಮಾತು ಕಡತ ಸೇರಿತು. ಕ್ಯಾಬಿನ್ನು ಮಾತ್ರ, ವರ ಬಾರದ ಮದುವೆ ಚಪ್ಪರದ ಹಾಗೆ ಉಳಿಯಿತು. ಕೆಳಗೆ ಆಡುಗಳು ಸಂಸಾರ ಹೂಡಿದವು. ಈಗ ಅದನ್ನು ಪ್ರವಾಸಿಗಳಿಗೆ ತೋರಿಸುವುದೆಂದು ಅರ್ಬಾಬರ ಹೊಸ ಯೋಚನೆ.

"ಇವತ್ತು ಸಿಗ್ನಲ್ ಅಲ್ಲಾಡಿಸಿ ತೋರಿಸು, ನಿನ್ನನ್ನು ಅಲ್ಲೇ ಇಟ್ಟುಕೊಳ್ಳುತ್ತೇನೆ. ಯಲ್ಲಾ, ನಡೆ!" ಎಂದರು ಅವರು ಹಿಂದಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಮೂವರೂ ಕ್ಯಾಬಿನ್ನಿನ ಮೇಲಿದ್ದರು. ಸಿಗ್ನಲ್ ಎಳೆಯುವ ಆಳೆತ್ತರದ ಇಪ್ಪತ್ತು ಲಿವರುಗಳು ಸಾಲಾಗಿ ನಿಂತಿದ್ದವು. ಮುರುಗೇಶ ಒಂದನ್ನು ಜಗ್ಗಿದ. ಅದು ಅಲುಗಲಿಲ್ಲ, ಅವನೇ ಜಾರಿ ಕುಂಡೆಯೂರಿ ಕುಳಿತ. ಕೆಳಗಿನ ಆಡುಗಳು ಒಟ್ಟಿಗೆ ಅರಚಿದವು.

"ನಿಮ್ಮ ಅಪ್ಪನೂ ಹೀಗೇ ಎಳೀತಿದ್ದದ್ದಾ?" ಎಂದ ಫ್ರೆಡ್ಡಿ.

"ಸುಮ್ಮನಿರ್ರೀ. ಎಣ್ಣಿ ಎಲ್ಲೈತಿ?"

ಎಣ್ಣೆಯ ದೇಶದಲ್ಲಿ ತುಕ್ಕಿಗೆ ಹಚ್ಚಲು ಎಣ್ಣೆ ಇರಲಿಲ್ಲ. ಖರ್ಚು ಕಡಿಮೆ ಮಾಡಲು ಕಂಪನಿ ಅದನ್ನೂ ನಿಲ್ಲಿಸಿತ್ತು. ಕೊನೆಗೆ ಮುರುಗೇಶ ಹೆಂಡತಿ ತ್ರಿವೇಣಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ಉಪ್ಪಿನಕಾಯಿಯ ಎಣ್ಣೆಯನ್ನು ಬುಡಕ್ಕೆಲ್ಲ ಸುರಿದ. ವಿಕ್ಟೋರಿಯಾ ರಾಣಿಯ ಕ್ಯಾಬಿನ್ನು ಇಂಗು ಸಾಸಿವೆಯ ವಾಸನೆಯಿಂದ ಘಮ್ಮೆಂದಿತು. ಅಪ್ಪ ಮಾಡುತ್ತಿದ್ದಂತೆ ಹಿಡಿಗೆ ವಸ್ತ್ರ ಸುತ್ತಿ, ಹಿಂದಿನ ಸಣ್ಣ ಹಿಡಿಕೆ ಒತ್ತಿ, ಕಾಲು ಕೊಟ್ಟು, "ಅಜ್ಜಾ!" ಎಂದು ಜಗ್ಗಿದ. ಧಡ್! ಹೊರಗೆ ಕಂಬದ ಮೇಲಿನ ಕೆಂಪು ಕೈ, ನೂರಾರು ಮೈಲಿಯಲ್ಲೆಲ್ಲೂ ಇಲ್ಲದ ರೈಲಿಗೆ, ದಾರಿ ಬಿಟ್ಟಿತು.

ಅರ್ಬಾಬ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಫ್ರೆಡ್ಡಿ, ಇವನ ಹೆಸರು ಪಟ್ಟಿಯಿಂದ ತೆಗೆಸು. ಹೊಸ ಕೆಲಸದ ಹೆಸರು ಮಂದೂಬನಿಗೆ ಹೇಳು," ಎಂದು ಆಜ್ಞೆ ಮಾಡಿ, ತೋಟ ನೋಡಲು ಇಳಿದು ಹೋದರು. ಮಂದೂಬ ಎಂದರೆ ಕಂಪನಿಯ ವೀಸಾ ಕಾಗದಗಳಿಗಾಗಿ ಸರ್ಕಾರಿ ಕಚೇರಿ ಸುತ್ತುವವನು.

"ಕ್ಯಾಬಿನ್ ಮಾಸ್ಟರ್ ಅಂತ ಹಾಕಿಸುವಾ?" ಫ್ರೆಡ್ಡಿ ಕೇಳಿದ.

"ಬ್ಯಾಡ್ರೀ. ನಮ್ಮಪ್ಪ ಕ್ಯಾಬಿನ್ನಿನ ಆಳು, ಖಲಾಸಿ ಅಂತನ ರಿಟೈರ್ ಆದ್ರು. ಅವರಗಿಂತಾ ದೊಡ್ಡ ಹೆಸರು ನನಗ್ಯಾಕ?" ಮುರುಗೇಶನ ಕಣ್ಣು ತುಂಬಿತ್ತು.

"ಹಾಗಾದರೆ ನೀವೇ ಹೇಳಿ," ಎಂದು ಫ್ರೆಡ್ಡಿ ಮಂದೂಬನಿಗೆ ಫೋನು ಹಚ್ಚಿ ಕೊಟ್ಟ.

ಗುಡ್ಡಗಳ ನಡುವೆ ಮಾತು ತುಂಡು ತುಂಡಾಗಿ ಹೋಗುತ್ತಿತ್ತು. "ಮುರುಗೇಶ್? ಕ್ಯಾ?" ಎಂದಿತು ಆಚೆಯ ದನಿ.

"ಖಲಾಸಿ!"

"ಶೂರ್?"

"ಶೂರ್, ಶೂರ್! ಖಲಾಸಿ! ಅರ್ಬಾಬ್ ಓಕೆ!"

ಸಂಜೆ ಘಾಲಾಕ್ಕೆ ಮರಳಿದಾಗ ಮಂದೂಬ ಬಾಗಿಲಲ್ಲೇ ಕಾದಿದ್ದ. ಮುರುಗೇಶನನ್ನು ಅಪ್ಪಿಕೊಂಡು ಕೈಗೊಂದು ಕಾಗದ ಕೊಟ್ಟ. ಫ್ರೆಡ್ಡಿ ಬಗ್ಗಿ ಓದಿದ.

ವೀಸಾ ರದ್ದಾಗಿತ್ತು.

"ಖಲಾಸ್ ಅಲ್ಲ ಭಾಯಿ!" ಮುರುಗೇಶ ಚೀರಿದ. "ಖಲಾಸಿ! ಕೊನೆಗೆ 'ಇ' ಐತಿ, 'ಇ'!"

"ಕೇಳಿಸಿತು," ಎಂದ ಮಂದೂಬ ಶಾಂತವಾಗಿ. "ನಮ್ಮ ಭಾಷೆಯಲ್ಲಿ ಆ 'ಇ' ಸೇರಿದರೆ 'ನನ್ನ' ಅಂತ. ಖಲಾಸಿ, ನನ್ನ ಬಿಡುಗಡೆ. ಪಟ್ಟಿಯ ಉಳಿದವರೆಲ್ಲ ಬೇಡ ಬೇಡ ಅಂತ ಅತ್ತರು. ನೀನೊಬ್ಬನೇ ಬಾಯಿಬಿಟ್ಟು ಕೇಳಿದೆ. ಅದಕ್ಕೇ ಎಲ್ಲರಿಗಿಂತ ಮೊದಲು ನಿನ್ನದೇ ಮಾಡಿಸಿಕೊಟ್ಟೆ."