ಬಿರುಕು ಬಿಟ್ಟ ಗೋಪುರ, ಮೂರು ಬಕೆಟ್ ನೀರು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಏಳನೆಯ ಕ್ಲಾಸಿನ ನಡುವೆ. ಬಡತನ ಕಾರಣ ಎಂದರೆ ಕೇಳಿದವರಿಗೆ ಸಮಾಧಾನವಾಗುತ್ತದೆ. ನಿಜವಾದ ಕಾರಣ ಭಿನ್ನರಾಶಿ. ಮರುವಾರವೇ ಸೋದರಮಾವನ ಜೊತೆ ಗಾರೆ ಕೆಲಸಕ್ಕೆ ಸೇರಿದೆ. ಅಂದಿನಿಂದ ನಾನು ಎಬ್ಬಿಸಿದ ಯಾವ ಗೋಡೆಯೂ ಒಂದು ನೂಲಿನಷ್ಟು ವಾಲಿಲ್ಲ. ಇದು ಜಂಬವಲ್ಲ, ರಸಮಟ್ಟ ಇಟ್ಟು ನೋಡಬಹುದು. ಗೋಡೆ ಕಂಡಲ್ಲೆಲ್ಲ ನೇರ ಇದೆಯೇ ಎಂದು ನೋಡುವ ಚಾಳಿಯಿಂದ ಮರ್ಯಾದೆ ಹೋದದ್ದೂ ಉಂಟು. ಇಲ್ಲಿ ಅಬುಧಾಬಿಯಲ್ಲಿ ನಮ್ಮ ಸೈಟ್ ಆಫೀಸಿನ ಕಾಗದಪತ್ರ ನೋಡಿಕೊಳ್ಳುವ ಲಾರೆನ್ಸ್, ಮೂಡುಬಿದಿರೆ ಕಡೆಯವನು, ಮಗಳ ಹುಟ್ಟುಹಬ್ಬಕ್ಕೆ ಬನಿಯಾಸ್ ಬಡಾವಣೆಯ ತನ್ನ ಮನೆಗೆ ಕರೆದಿದ್ದ. ನಾನು ಒಂದು ಕಣ್ಣು ಮುಚ್ಚಿ, ಗೋಡೆಗೆ ಕೆನ್ನೆ ಒತ್ತಿ ಮೂಲೆ ನೋಡುತ್ತಿದ್ದಾಗ ಅವನ ಹೆಂಡತಿ, "ಶೇಖರಣ್ಣ, ಇದು ಬಾಡಿಗೆ ಮನೆ. ಸೊಟ್ಟ ಇದ್ರೆ ಓನರಿನ ಕರ್ಮ. ನೀವು ಕೇಕ್ ತಿನ್ನಿ" ಎಂದಳು. ತಿಂದೆ. ಗೋಡೆ ಸೊಟ್ಟಗೇ ಇತ್ತು.

ಇಂಥ ನನ್ನ ಪಾಲಿಗೆ ಒಂದು ಗೋಪುರ ಬಂತು. ಅಬುಧಾಬಿಯ ಹೊರಗಿನ ಹೋಟೆಲೊಂದರ ತೋಟಕ್ಕೆ, ಅಮೆರಿಕದ ಯಾವುದೋ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿರುವ ಮರಳುಗಲ್ಲಿನ ಗೋಪುರದಂಥದ್ದೇ ಬೇಕಂತೆ, ಸಿಮೆಂಟಿನಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಇಲ್ಲಿನದೇ ಮರುಭೂಮಿ ಬಿದ್ದಿದೆ. ಅದಕ್ಕೆ ಗೋಪುರ ಬೆಳೆಸುವ ಬುದ್ಧಿ ಬರಲಿಲ್ಲ. ಲಾರೆನ್ಸ್ ಫೋಟೋ ತೋರಿಸಿದ. ಒಂದು ಕಡೆ ಹೊಟ್ಟೆ ಬಂದಿದೆ, ಕುತ್ತಿಗೆ ವಾಲಿದೆ, ಮೈತುಂಬ ಬಿರುಕು.

"ಇದನ್ನು ಯಾರು ಕಟ್ಟಿದ್ದು?" ಎಂದೆ.

"ಯಾರೂ ಕಟ್ಟಿದ್ದಲ್ಲ ಮಾರಾಯ್ರೆ. ಗಾಳಿ, ಮಳೆ. ಲಕ್ಷಗಟ್ಟಲೆ ವರ್ಷ."

"ಮೇಸ್ತ್ರಿ ಇಲ್ಲದಿದ್ರೆ ಹೀಗೇ ಆಗುವುದು."

ಮೊದಲು ಆಳೆತ್ತರದ ಮಾದರಿ ಮಾಡಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಡುವವರು ಇಂಜಿನಿಯರ್ ನಂದಿನಿ ಮೇಡಂ, ಮೈಸೂರಿನವರು. ನನ್ನ ಮೊದಲ ಮಾದರಿಗೆ ಒಂದು ಪ್ರದಕ್ಷಿಣೆ ಬಂದು, "ಏನ್ ಮೇಸ್ತ್ರಿ, ನೀರಿನ ಟ್ಯಾಂಕ್ ಕಟ್ಟಿಬಿಟ್ರಾ?" ಎಂದರು. ಎರಡನೆಯದಕ್ಕೂ ಒಪ್ಪಿಗೆ ಸಿಗದಿದ್ದರೆ ಕೆಲಸ ಬೇರೆ ಕಂಪನಿಗೆ. ನಾವು ಆರು ಜನ ದುಬೈಗೆ, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿಗೆ ಹಿಂತಿರುಗಿ ಚರಂಡಿ ಗುಂಡಿಗಳಿಗೆ ಪ್ಲಾಸ್ಟರ್ ಮಾಡುವುದು. ಮೂವತ್ತು ವರ್ಷದ ಮೇಸ್ತ್ರಿತನ ಚರಂಡಿಗೆ ಇಳಿಯುವುದು ನನಗೆ ಬೇಡವಾಗಿತ್ತು.

ನಾಲ್ಕು ದಿನ ಹೆಣಗಿದೆ. ರಸಮಟ್ಟವನ್ನು ಲಾರೆನ್ಸನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಎಡಗೈಯಲ್ಲಿ ಕರಣೆ ಹಿಡಿದೆ. ಕೊನೆಗೂ ಹೊಟ್ಟೆ ಬಂತು, ಕುತ್ತಿಗೆ ವಾಲಿತು, ಮೊಳೆಯಿಂದ ಗೀರಿದ ಬಿರುಕುಗಳು ಹದವಾಗಿ ಬಿದ್ದವು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ. ಅಂದರೆ ಸರಿಯಾಗಿ ಬಂದಿದೆ ಎಂದು ಅರ್ಥ.

ಮೇಡಂ ಬರುವ ದಿನ ಬೆಳಿಗ್ಗೆ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಒಬ್ಬನೇ ಹೋದೆ. ಇಂಜಿನಿಯರು ಬರುವ ಮೊದಲು ಮೇಸ್ತ್ರಿಯಾದವನು ಬಿರುಕು ಹುಡುಕುತ್ತಾನೆ, ಕಂಡದ್ದನ್ನು ಮುಚ್ಚುತ್ತಾನೆ. ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಾರೆನ್ಸ್ ಚಹಾ ತರುವಷ್ಟರಲ್ಲಿ ಎಲ್ಲ ಬಿರುಕನ್ನೂ ತುಂಬಿ, ಮೇಲೆ ತೆಳ್ಳಗೆ ಒಂದು ಕೋಟ್ ಎಳೆದು, ಸ್ಪಂಜಿನಿಂದ ಒರೆಸಿಯೂ ಆಗಿತ್ತು.

"ಎಂತ ಮಾಡಿದ್ದು ನೀವು?"

"ಫಿನಿಶಿಂಗ್" ಎಂದೆ. ಹೇಳಿದ ಮೇಲೆ ನನಗೂ ಗೊತ್ತಾಯಿತು.

"ಖಲಾಸ್. ಮೇಡಮಿನ ಕಾರು ಗೇಟಿಗೆ ಬಂದಾಯ್ತು."

ಬಕೆಟ್ ಎತ್ತಿ ನೀರು ಎರಚಿದೆ. ಇನ್ನೊಂದು. ಮತ್ತೊಂದು. ಹಸಿ ಸಿಮೆಂಟು ಕಿತ್ತುಕೊಂಡು ಸಾಲು ಸಾಲಾಗಿ ಇಳಿಯಿತು, ಬಿರುಕುಗಳು ಅಲ್ಲಲ್ಲಿ ಬಾಯಿ ಬಿಟ್ಟವು. ನಾನು ಬಕೆಟನ್ನು ಬೆನ್ನ ಹಿಂದೆ ಹಿಡಿದು ನಿಂತೆ. ಮೇಡಂ ಫೋಟೋ ನೋಡಿದರು, ಮಾದರಿ ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ಕಣ್ರೀ ಮೇಸ್ತ್ರಿ. ಮಳೆ ಗಾಳಿ ತಿಂದ ಹಾಗೇ ಇದೆ. ಹೇಗ್ ಮಾಡಿದ್ರಿ?"

"ಅನುಭವ, ಮೇಡಂ."

"ಪೂರ್ತಿ ಗೋಪುರ ಹೀಗೇ ಬರ್ಬೇಕು. ಮಾಡೋ ವಿಧಾನ ಬರೆದು ಕೊಡಿ."

ಅನುಭವವನ್ನು ಬರೆಯುವುದು ಭಿನ್ನರಾಶಿಗಿಂತ ಕಷ್ಟ. ಲಾರೆನ್ಸ್ ಟೈಪ್ ಮಾಡಲು ಕುಳಿತ. "ಮೊದಲು ಚಂದ ಮಾಡಿ ಕಟ್ಟುವುದು. ಆಮೇಲೆ ಹಾಳು ಮಾಡುವುದು. ಮತ್ತೆ ಮೂರು ಬಕೆಟ್ ನೀರು. ಹೆದರಿಕೆ ಎಷ್ಟು ಬೇಕು ಅಂತ ಬರೆಯಲಾ?"

"ಅದು ಬೇಡ. ಸೈಟಿನಲ್ಲಿ ಹೊಂದಿಸಿಕೊಳ್ಳುವ."

ಗೋಪುರ ಈಗ ನಾಲ್ಕು ಮಾಳಿಗೆ ಎತ್ತರ ನಿಂತಿದೆ. ಜನ ಅದರ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ನೇರ ಗೋಡೆಗಳ ಮುಂದೆ ಒಬ್ಬರೂ ತೆಗೆಸಿಕೊಂಡದ್ದಿಲ್ಲ. ಒರಗಿದವರು ಮಾತ್ರ ಉಂಟು. ಇವತ್ತು ನನಗೆ ಇರುವುದು ಇಷ್ಟು: ಊರಿನಲ್ಲಿ ಹೆಂಡತಿ ಒಬ್ಬಳು, ಮಗಳು ಒಬ್ಬಳು, ನಾನೇ ಕಟ್ಟಿದ ಮನೆ ಒಂದು, ಇಲ್ಲಿ ಕೈಕೆಳಗೆ ಇಪ್ಪತ್ತೆರಡು ಜನ, ಬಿರುಕುಗಳನ್ನು ಹೊಗಳಿ ಕೊಟ್ಟ ಪ್ರಶಂಸಾಪತ್ರ ಒಂದು, ಬಕೆಟ್ ಮೂರು. ಬಕೆಟ್ ಕಂಪನಿಯವು.