ಕಾದಂಬಿನಿಯ ರಜತವಿಜಯ

ಎಲೈ ರಸಿಕರೇ, ಕಿವಿಗೊಡಿ. ಕೃತ, ತ್ರೇತಾ, ದ್ವಾಪರಗಳು ಸಂದು, ಕರೆಂಟು ಹೇಳದೆ ಕೇಳದೆ ಹೋಗುವ ಘೋರ ಕಲಿಕಾಲದಲ್ಲಿ, ಧಾರವಾಡದ ಒಂದು ರಸಾಯನಶಾಲೆಯಲ್ಲಿ, ಶ್ವೇತಕಂಚುಕಧಾರಿಣಿಯೂ ಗಾಜಿನ ಕಡ್ಡಿಯನ್ನೇ ಗದೆಯಾಗಿ ಪಿಡಿದವಳೂ ಯಾರ ಕೊಂಕಿಗೂ ಸೊಪ್ಪು ಹಾಕದವಳೂ ಆದ ಕಾದಂಬಿನಿ ಹೊಸಮನಿಯೆಂಬ ಸಂಶೋಧಕಿ ಇದ್ದಳು.

ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ ಒಂದೇ ಮಾತಿನ ಮೇಲೆ ನಿಂತಿತ್ತು: ಗಿಡ್ಡ ಸರಪಳಿಯ ಅಣುಗಳಿಂದಾದ ಗ್ಲೈಕಾಲೆಂಬ ಮಂದದ್ರವದಲ್ಲಿ ಬೆಳ್ಳಿಯ ಲವಣ ಕರಗಿಸಿ ಕಾಯಿಸಿದರೆ, ಬೇರೆ ಮದ್ದಿನ ಹಂಗಿಲ್ಲದೆ ಬೆಳ್ಳಿಯ ನ್ಯಾನೊಕಣಗಳು ಹುಟ್ಟಿ ದ್ರವ ಹಳದಿಯಾಗಬೇಕು. ಆಗದಿದ್ದರೆ ಅಧ್ಯಾಯಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಆಗ ಪಕ್ಕದ ಮೇಜಿನ ಅಧಿಪತಿ, ಹಿರಿಯ ಸಂಶೋಧಕ, ಪರಚ್ಛಿದ್ರಾನ್ವೇಷಣಧುರಂಧರ ರಾಚಪ್ಪ ಮೀಸೆ ತೀಡಿ ನುಡಿದನು:

"ಏನೂ ಹುಟ್ಟೂದಿಲ್ಲವ್ವಾ. ಗ್ಲೈಕಾಲಿನ ಆಕ್ಸಿಜನ್ ಅದಾವಲ್ಲ, ಅವು ಬೆಳ್ಳೀನ ಸುತ್ತ ಹಿಡಕೊಂಡು ಕುಂದರತಾವ. ಬರೇ ಸಂಕೀರ್ಣ ಅನ್ನೂ ಗಂಟು ಆಗತೈತಿ, ಕಣ ಅಲ್ಲ. ಸಂಜೀತನಾ ಕಾಸು, ನೀರಿನಂಗನ ಇರತೈತಿ."

"ಹಿಡಕೊಂಡ ಕೈ ಬಿಡೂದಿಲ್ಲಂತ ಯಾರು ಹೇಳ್ಯಾರ, ರಾಚಣ್ಣಾ? ಈ ಕಾದಂಬಿನಿ ಕಾಸಾಕ ನಿಂತ್ಲಂದ್ರ ಆ ಆಕ್ಸಿಜನ್ ತಾವಾಗೇ ಬೆಳ್ಳಿಗೆ ಎಲೆಕ್ಟ್ರಾನ್ ಕೊಟ್ಟು ಶರಣು ಬರತಾವ. ಹಳದಿ ಕಾಣೂತನಾ ನಾ ಈ ಸ್ಟೂಲ್ ಬಿಟ್ಟು ಏಳೂದಿಲ್ಲ."

ಹಾಟ್‌ಪ್ಲೇಟ್ ಕಾದಿತು. ಫ್ಲಾಸ್ಕಿನೊಳಗೆ ಅಯಸ್ಕಾಂತದ ತುಣುಕು ಚಕ್ರಾಯುಧದಂತೆ ಗಿರಗಿರನೆ ತಿರುಗಿತು. ದ್ರವವೋ ನಿರ್ಮಲವಾಗಿ, ನಿರ್ವಿಕಾರವಾಗಿ, ನಿರ್ಲಜ್ಜವಾಗಿ ನೀರಿನಂತೆಯೇ ಇತ್ತು. ರಾಚಪ್ಪ ಸಿಳ್ಳೆ ಹಾಕತೊಡಗಿದ. ಕಾದಂಬಿನಿಗೆ ಅಳುವೇ ಬಂತು. ವರ್ಷದ ದುಡಿಮೆ ಕಣ್ಣೆದುರೇ ಬಣ್ಣವಿಲ್ಲದೆ ಸುತ್ತುತ್ತಿತ್ತು.

ಅಷ್ಟರಲ್ಲಿ ದ್ರವಕ್ಕೆ ಹೌದೋ ಅಲ್ಲವೋ ಎಂಬಂಥ ನಸುಹಳದಿ ಬಂತು. ನೋಡನೋಡುತ್ತ ನಿಂಬೆಹಣ್ಣಿನ ಬಣ್ಣವಾಯಿತು, ಆಮೇಲೆ ಕೇಸರಿಯಾಯಿತು. ದೇವತೆಗಳು ಹೂಮಳೆಗರೆಯಲಿಲ್ಲ, ಫ್ಯಾನಿನಿಂದ ಒಂದಿಷ್ಟು ಧೂಳು ಬಿತ್ತು. ರಜತಗರ್ಭೋದ್ಧಾರಿಣಿಗೆ ಕುಣಿಯಬೇಕೆನ್ನಿಸಿತು, ಕುಣಿದಳು ಕೂಡ. ಕುಣಿಯುವ ಭರದಲ್ಲಿ ಹಾಟ್‌ಪ್ಲೇಟ್ ಆರಿಸುವುದನ್ನು ಮರೆತಳು. ಕಣಗಳು ಬೆಳೆದು, ಒಂದಕ್ಕೊಂದು ಅಂಟಿ, ಫ್ಲಾಸ್ಕಿನ ಒಳಮೈಗೆಲ್ಲ ಕನ್ನಡಿಯಂತೆ ಮೆತ್ತಿಕೊಂಡವು.

ರಾಚಪ್ಪ ಬಗ್ಗಿ ನೋಡಿ, ಅದರಲ್ಲೇ ಮೀಸೆ ಸರಿಮಾಡಿಕೊಂಡ.

"ಗೆದ್ದಿ ಬಿಡವ್ವಾ, ಒಪ್ಪಿದೆ. ಆದ್ರ ಇದು ನಮ್ಮ ಗೈಡ್ ಸರ್ ಅವರ ಫ್ಲಾಸ್ಕು, ನಾಳೆ ಅವರಿಗೆ ಬೇಕು. ಬೆಳ್ಳಿ ಯಾರದೋ ಅವರೇ ತಿಕ್ಕಬೇಕು, ನಮ್ಮ ಲ್ಯಾಬಿನ ಪದ್ಧತಿ ಗೊತ್ತೈತಲ್ಲ."

ವೀರಾಂಗನೆ ಹಾಟ್‌ಪ್ಲೇಟ್ ಆರಿಸಿ, ತಣಿದ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಯೋಚಿಸಿದಳು.

"ರಾಚಣ್ಣಾ, ಇನ್ನೊಮ್ಮೆ ನೋಡ್ರಿ. ನೀವು ಹೇಳಿದಂಗ ಇದು ಸಂಕೀರ್ಣನ ಇರಬೇಕು ಅನಸ್ತೈತಿ."

"ಛೇ ಛೇ, ಕಣಾನ ಅವ. ಎಷ್ಟು ಚಂದ ಹೊಳೀತಾವ ನೋಡು."

ಹೀಗೆ ಪ್ರತಿವಾದಿಭಯಂಕರಿಯೂ ಚತುರ್ಥಾಧ್ಯಾಯಸಂರಕ್ಷಿಣಿಯೂ ಆದ ಕಾದಂಬಿನಿಯು ಕೈಗವಸು ತೊಟ್ಟು, ಆಸಿಡ್ಡು, ಬ್ರಷ್ಷುಗಳೆಂಬ ದಿವ್ಯಾಯುಧಗಳೊಡನೆ ಸಿಂಕಿನತ್ತ ದಂಡೆತ್ತಿ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂದಿರಲಿಲ್ಲ.